ಗೇಣು ಮಣ್ಣು, ಮೊಳ ಗುಂಡಿ: ಸೇಡಂ ಸೀಮೆಯ ಒಂದು ಮರಳುಗಲ್ಲು ಗುಡ್ಡದ ಪ್ರಕರಣ ಅಧ್ಯಯನ

ಕಲಬುರಗಿ ಜಿಲ್ಲೆಯ ಸೇಡಂ ತಾಲ್ಲೂಕಿನಿಂದ ಯಾದಗಿರಿ ಜಿಲ್ಲೆಯ ಗುರುಮಠಕಲ್ ಕಡೆಗೆ ಸಾಗುವಾಗ, ಎರೆ ಹೊಲಗಳ ಸಪಾಟು ಮುಗಿದು ಚಪ್ಪಟೆ ನೆತ್ತಿಯ ತಗ್ಗು ಗುಡ್ಡಗಳು ಅಲ್ಲಲ್ಲಿ ಕಾಣಿಸಿಕೊಳ್ಳುತ್ತವೆ. ಅಂಥ ಒಂದು ಗುಡ್ಡದ ನೆತ್ತಿಯ ಮೇಲಿರುವ, ಊರವರು ಗಾಯರಾಣ ಎಂದು ಕರೆಯುವ ಹುಲ್ಲುಗಾವಲಿನ ಮಣ್ಣು ಈ ಬರಹದ ವಿಷಯ. ಊರಿನ ಹೆಸರನ್ನು ಬೇಕೆಂದೇ ಬಿಟ್ಟಿದ್ದೇನೆ. ಇಲ್ಲಿ ಆದದ್ದು ಇದೇ ಸಾಲಿನ ಬೇರೆ ಗುಡ್ಡಗಳ ಮೇಲೂ ಆಗಬಹುದಾದದ್ದು. ಯಾರ ಮೇಲೂ ತಪ್ಪು ಹೊರಿಸುವುದು ಉದ್ದೇಶವಲ್ಲ.

ಪ್ರಶ್ನೆ ಹುಟ್ಟಿದ್ದು ಹೀಗೆ. ಗುಡ್ಡದ ನೆತ್ತಿಯನ್ನು ಹಸಿರಾಗಿಸುವ ಯೋಜನೆಯೊಂದರಲ್ಲಿ, ಮಳೆಗಾಲಕ್ಕೆ ಮುಂಚೆ ಉದ್ದ, ಅಗಲ, ಆಳ ಮೂರೂ 45 ಸೆಂಟಿಮೀಟರ್ ಇರುವ ಗುಂಡಿಗಳನ್ನು ಸಾಲುಸಾಲಾಗಿ ತೆಗೆಸಿ, ಬೇವು, ಹೊಂಗೆ, ಹುಣಸೆ ಸಸಿಗಳನ್ನು ನೆಡಲಾಗಿತ್ತು. ಆ ವರ್ಷ ಮಳೆ ಕೈಕೊಟ್ಟಿರಲಿಲ್ಲ. ಆದರೂ ಮಳೆಗಾಲ ಮುಗಿಯುವಷ್ಟರಲ್ಲಿ ಕೆಲವು ಸಸಿಗಳು ಎಲೆ ಹಳದಿಯಾಗಿ ಸತ್ತವು, ಉಳಿದವುಗಳಲ್ಲಿ ಹೆಚ್ಚಿನವು ಮಾಘ ಕಳೆಯುವುದರೊಳಗೆ ಒಣಗಿದವು. ಮಣ್ಣು ಕೆಟ್ಟದ್ದಿರಬೇಕು ಎಂದು ಊರಿನ ಕೆಲವರು ಮಾದರಿ ತೆಗೆದು ಪರೀಕ್ಷೆಗೆ ಕಳುಹಿಸಿದರು. ಬಂದ ಫಲಿತಾಂಶ ಎಲ್ಲರನ್ನೂ ಗೊಂದಲಕ್ಕೆ ದೂಡಿತು: ರಸಸಾರ (ಮಣ್ಣಿನ ಹುಳಿ-ಕ್ಷಾರದ ಅಳತೆ; 7 ಅಂದರೆ ಸಮ) 6.4, ಸಾವಯವ ಇಂಗಾಲ ಶೇ. 0.8, ಲವಣಾಂಶ ಇಲ್ಲವೆನ್ನುವಷ್ಟು ಕಡಿಮೆ. ಅದೇ ಊರಿನ ಒಳ್ಳೆಯ ತೊಗರಿ ಹೊಲದ ಎರೆ ಮಣ್ಣಿನ ಚೀಟಿಯಲ್ಲಿ ರಸಸಾರ 8.3, ಸಾವಯವ ಇಂಗಾಲ ಶೇ. 0.45. ಕಾಗದ ನೋಡಿದರೆ ಗುಡ್ಡದ ಮಣ್ಣೇ ಮೇಲು. ಹಾಗಾದರೆ ಸಸಿಗಳು ಸತ್ತದ್ದೇಕೆ? ಮಣ್ಣು ಸಮೀಕ್ಷೆಯ ಕೆಲಸದಲ್ಲಿ ಹಲವು ವರ್ಷ ಕಳೆದ ನನ್ನನ್ನು ಅವರು ಕರೆದದ್ದು ಈ ಪ್ರಶ್ನೆಗಾಗಿ.

ಗುಡ್ಡದ ಕಲ್ಲು

ಈ ಭಾಗದ ನೆಲವನ್ನು ಅರಿಯಬೇಕಾದರೆ ಕೆಳಗಿನ ಕಲ್ಲಿನಿಂದಲೇ ಆರಂಭಿಸಬೇಕು. ಶಹಾಬಾದ್, ವಾಡಿ, ಸೇಡಂ, ಚಿತ್ತಾಪುರದ ಕಡೆ ಫರಸಿ ಕಲ್ಲಾಗಿ ಮನೆಮನೆಯ ನೆಲಕ್ಕೆ ಬಂದಿರುವ, ಸಿಮೆಂಟ್ ಕಾರ್ಖಾನೆಗಳಿಗೆ ಕಚ್ಚಾವಸ್ತುವಾಗಿರುವ ಸುಣ್ಣಕಲ್ಲು ಭೀಮಾ ಶಿಲಾಸಮೂಹಕ್ಕೆ ಸೇರಿದ್ದು. ಆ ಸುಣ್ಣಕಲ್ಲಿನ ಅಡಿಗೆ, ಅದಕ್ಕಿಂತ ಹಳೆಯದಾದ ಗ್ರಾನೈಟ್ ತಳಹದಿಯ ಮೇಲೆ, ಬೆಣಚುಗಲ್ಲಿನ ಉಂಡೆಗಳು ಸೇರಿದ ಕಲ್ಲು, ಮರಳುಗಲ್ಲು ಮತ್ತು ನೇರಳೆ, ಹಸಿರು ಛಾಯೆಯ ಜೇಡಿಗಲ್ಲಿನ ಪದರಗಳಿವೆ. ಭೂವಿಜ್ಞಾನಿಗಳು ಈ ತಳಪದರಕ್ಕೆ ಸೇಡಂ ತಾಲ್ಲೂಕಿನದೇ ಊರಿನ ಹೆಸರಿಟ್ಟು ರಬ್ಬನಪಲ್ಲಿ ರಚನೆ ಎನ್ನುತ್ತಾರೆ. ಸುಣ್ಣಕಲ್ಲಿನ ಹೊದಿಕೆ ಸವೆದು ಹೋದ ಅಂಚುಗಳಲ್ಲಿ ಈ ಮರಳುಗಲ್ಲು ಹೊರಗೆ ಕಾಣುತ್ತದೆ. ಗಟ್ಟಿಯಾದ್ದರಿಂದ ಸುತ್ತಲಿನದೆಲ್ಲ ತಗ್ಗಿದರೂ ಅದು ಗುಡ್ಡವಾಗಿ ನಿಲ್ಲುತ್ತದೆ. ನಾವು ಹತ್ತಿದ ಗುಡ್ಡದ ಹಾಸುಬಂಡೆಯ ಮೇಲೆ, ಹಳ್ಳದ ತಳದ ಉಸುಕಿನಲ್ಲಿ ಕಾಣುವಂಥ ಅಲೆಯ ಗೆರೆಗಳು ಕಲ್ಲಾಗಿ ಉಳಿದಿದ್ದವು.

ಈ ಕಲ್ಲು ಯಾವ ಬಗೆಯ ಮಣ್ಣನ್ನು ಕೊಡಬಲ್ಲದು ಎಂಬುದು ಅದರ ಕಣಗಳಲ್ಲೇ ಇದೆ. ಮರಳುಗಲ್ಲಿನ ಬಹುಭಾಗ ಬೆಣಚು. ಬೆಣಚಿಗೆ ಮಳೆ, ಬಿಸಿಲು, ಬೇರಿನ ಆಮ್ಲ ಯಾವುದೂ ಬೇಗ ತಾಗುವುದಿಲ್ಲ. ಅದು ಚೂರಾದರೂ ಮರಳಾಗಿಯೇ ಉಳಿಯುತ್ತದೆ, ಜೇಡಿಯಾಗುವುದಿಲ್ಲ, ಗಿಡಕ್ಕೆ ಪೋಷಕಾಂಶವನ್ನೂ ಬಿಟ್ಟುಕೊಡುವುದಿಲ್ಲ. ಕಣಗಳ ನಡುವೆ ಅಲ್ಪಸ್ವಲ್ಪ ಇರುವ ಫೆಲ್ಡ್‌ಸ್ಪಾರ್ ಕೊಳೆತು ಒಂದಿಷ್ಟು ಜೇಡಿ ಕೊಡುತ್ತದೆ; ಹಸಿರು ಛಾಯೆಯ ಪದರಗಳಲ್ಲಿರುವ ಗ್ಲಾಕೊನೈಟ್ ಎಂಬ ಖನಿಜ ಕಬ್ಬಿಣ, ಪೊಟ್ಯಾಸಿಯಂಗಳನ್ನು ಹಿಡಿದಿರುತ್ತದೆ. ಕಣಗಳನ್ನು ಬೆಸೆದಿರುವುದು ಸಿಲಿಕವಾಗಿದ್ದರೆ ಕಲ್ಲು ಸವೆಯುವುದೇ ಅಪರೂಪ. ಹೀಗಾಗಿ ಗುಡ್ಡದ ನೆತ್ತಿಯಲ್ಲಿ ಮಣ್ಣು ಹುಟ್ಟುವ ವೇಗಕ್ಕಿಂತ ಮಳೆ ನೀರು ಅದನ್ನು ಒಯ್ಯುವ ವೇಗ ಹೆಚ್ಚು, ಅಥವಾ ಹೆಚ್ಚೆಂದರೆ ಎರಡೂ ಸಮ. ಮಣ್ಣು ತೆಳುವಾಗಿರುವುದು ಯಾರೋ ಮಾಡಿದ ಹಾಳಲ್ಲ. ಆ ಜಾಗದ ಲೆಕ್ಕವೇ ಹಾಗೆ.

ಇಲ್ಲೊಂದು ಮಾತು ಸೇರಿಸಬೇಕು. ಬೀದರಿನ ಕೆಂಪು ನೆಲವನ್ನು ಕಂಡವರು ಸೇಡಂ ಗುಡ್ಡದ ಕೆಂಪು ಮಣ್ಣನ್ನೂ ಅದೇ ಎಂದುಕೊಳ್ಳುವುದುಂಟು. ಬೀದರಿನದು ಕಪ್ಪುಶಿಲೆ ಹತ್ತಾರು ಮೀಟರ್ ಆಳದವರೆಗೆ ಕೊಳೆತು ಆದ ಜಂಬಿಟ್ಟಿಗೆ. ಅದರಲ್ಲಿ ನೀರು ಇಳಿದು ಕೆಳಗೆ ಸಂಗ್ರಹವಾಗುವುದರಿಂದಲೇ ಬಹಮನಿ ಕಾಲದವರು ಅಲ್ಲಿ ಸುರಂಗ ಕೊರೆದು ಕರೇಜ್ ಎಂಬ ನೆಲದಡಿಯ ನೀರುಗಾಲುವೆ ಕಟ್ಟಲು ಸಾಧ್ಯವಾಯಿತು. ಇಲ್ಲಿ ಕೆಂಪು ಬಣ್ಣ ಮೇಲಿನ ಗೇಣಿನಷ್ಟರಲ್ಲೇ ಮುಗಿಯುತ್ತದೆ. ಬಣ್ಣ ಒಂದೇ ಆದರೂ ಎರಡರ ಗುಣಕ್ಕೆ ಏನೇನೂ ಸಂಬಂಧವಿಲ್ಲ.

ಗುಂಡಿ ತೋಡಿ ನೋಡಿದ್ದು

ಸಸಿ ನೆಡದೆ ಬಿಟ್ಟಿದ್ದ, ಹುಲ್ಲು ಹಾಗೇ ಉಳಿದಿದ್ದ ಜಾಗದಲ್ಲಿ ನಾವು ಪರೀಕ್ಷಾ ಗುಂಡಿ ತೋಡಿದೆವು. ಇಳಿಜಾರು ನೂರು ಮೀಟರಿಗೆ ಮೂರರಿಂದ ನಾಲ್ಕು ಮೀಟರ್. ಮೇಲ್ಮೈಯ ಮೇಲೆ ಮುಷ್ಟಿಗಾತ್ರದ ಚಪ್ಪಟೆ ಕಲ್ಲುಗಳು ಅಲ್ಲಲ್ಲಿ ಹರಡಿದ್ದವು. ಮೊದಲ ಎಂಟು ಸೆಂಟಿಮೀಟರ್ ಕಂದು ಬಣ್ಣದ ಮರಳು ಗೋಡು, ಅಂದರೆ ಮರಳಿನ ಪಾಲು ಹೆಚ್ಚಿರುವ ಮಣ್ಣು. ಹುಲ್ಲಿನ ಬೇರು ಎಷ್ಟು ದಟ್ಟವಾಗಿ ಹೆಣೆದಿತ್ತೆಂದರೆ ಸಲಿಕೆಯಿಂದ ಎತ್ತಿದಾಗ ಮಣ್ಣು ಕಂಬಳಿಯ ತುಂಡಿನಂತೆ ಇಡಿಯಾಗಿ ಬಂತು. ಅದರ ಕೆಳಗೆ ಸುಮಾರು 24 ಸೆಂಟಿಮೀಟರ್‌ವರೆಗೆ ಕೆಂಗಂದು ಬಣ್ಣದ ಗರಸು ಮಣ್ಣು. ಅದರ ಗಾತ್ರದಲ್ಲಿ ಸುಮಾರು ಐದರಲ್ಲಿ ಎರಡು ಪಾಲು ಕಲ್ಲಿನ ಚೂರು. ಒದ್ದೆ ಮಾಡಿ ಕೈಯಲ್ಲಿ ಹಿಸುಕಿದರೆ ಉಂಡೆ ಕಟ್ಟಿತು, ಆದರೆ ಹೆಬ್ಬೆರಳಿನಿಂದ ಪಟ್ಟಿಯಂತೆ ಎಳೆಯಲು ಹೋದರೆ ಬೆರಳಿನಷ್ಟೂ ಉದ್ದವಾಗದೆ ಮುರಿಯಿತು. ಜೇಡಿ ಕಡಿಮೆ ಎಂಬುದಕ್ಕೆ ಹೊಲದಲ್ಲೇ ಸಿಗುವ ಗುರುತು ಇದು. ತೆಳು ಹೈಡ್ರೋಕ್ಲೋರಿಕ್ ಆಮ್ಲದ ಹನಿ ಹಾಕಿದಾಗ ನೊರೆ ಬರಲಿಲ್ಲ, ಅಂದರೆ ಸುಣ್ಣವಿಲ್ಲ. 24 ಸೆಂಟಿಮೀಟರ್ ದಾಟಿದ ಮೇಲೆ ಹಾರೆ ಠಣ್ ಎಂದಿತು. ಜೊತೆಗೆ ಬಂದಿದ್ದ ಹಿರಿಯ ಕುರಿಗಾರರು ನಗುತ್ತ, ‘ಮುಂದ ಹಾರಿ ಹೊಡದ್ರ ಕಿಡಿ ಬರ್ತದ್ರಿ ಸರ, ಮಣ್ಣ ಬರಂಗಿಲ್ಲ’ ಎಂದರು.

ವರ್ಗೀಕರಣದ ಭಾಷೆಯಲ್ಲಿ ಹೇಳುವುದಾದರೆ, ಮೇಲ್ಮೈಯಿಂದ 50 ಸೆಂಟಿಮೀಟರ್ ಒಳಗೇ ಗಟ್ಟಿ ಬಂಡೆ ಸಿಗುವ, ಮೇಲಿನ ಬೇರು ಪದರವನ್ನು ಬಿಟ್ಟರೆ ಬೇರೆ ಸ್ಪಷ್ಟ ಪದರಗಳು ಬೆಳೆಯದ ಇಂಥ ಮಣ್ಣು ಅಮೆರಿಕದ ಪದ್ಧತಿಯಲ್ಲಿ ಲಿಥಿಕ್ ಉಸ್ಟಾರ್ಥೆಂಟ್ ಗುಂಪಿಗೆ ಸೇರುತ್ತದೆ. ಬಂಡೆ 25 ಸೆಂಟಿಮೀಟರ್ ಒಳಗಿದ್ದರೆ ಅಂತಾರಾಷ್ಟ್ರೀಯ ಪದ್ಧತಿಯಲ್ಲಿ ಅದು ಲೆಪ್ಟೊಸಾಲ್. ಕರ್ನಾಟಕದ ಸುಜಲಾ-3 ಯೋಜನೆಯಲ್ಲಿ ಕಿರುಜಲಾನಯನಗಳಿಗಾಗಿ ತಯಾರಾದ ಭೂ ಸಂಪನ್ಮೂಲ ನಕ್ಷೆಗಳಲ್ಲಿ 25 ಸೆಂಟಿಮೀಟರಿಗಿಂತ ಕಡಿಮೆ ಇರುವುದನ್ನು ಅತಿ ತೆಳು, 25ರಿಂದ 50ರವರೆಗಿನದನ್ನು ತೆಳು ಎಂದು ಗುರುತಿಸಲಾಗುತ್ತದೆ. ನಮ್ಮ ಗುಂಡಿ ಈ ಎರಡರ ಗಡಿಯಲ್ಲಿತ್ತು. ಊರವರ ಭಾಷೆ ಇದಕ್ಕಿಂತ ಚೊಕ್ಕ: ಬಂಡೆಯವರೆಗಿನ ಮಣ್ಣು ಒಂದು ಗೇಣು, ಸಸಿಗೆ ತೆಗೆದ ಗುಂಡಿ ಒಂದು ಮೊಳ. ಸಮಸ್ಯೆಯ ಅರ್ಧ ಈ ಎರಡು ಅಳತೆಗಳ ನಡುವೆಯೇ ಇತ್ತು.

ಒಂದೇ ಗುಂಡಿಯಿಂದ ತೀರ್ಮಾನಕ್ಕೆ ಬರುವುದು ಸರಿಯಲ್ಲವಾದ್ದರಿಂದ, ಹತ್ತು ಹೆಜ್ಜೆಗೊಂದರಂತೆ ಹಾರೆ ಚುಚ್ಚುತ್ತ ನೆತ್ತಿಯ ಒಂದು ತುದಿಯಿಂದ ಇನ್ನೊಂದು ತುದಿಗೆ ನಡೆದೆವು. ಕೆಲವೆಡೆ ನಾಲ್ಕು ಬೆರಳಿಗೇ ಬಂಡೆ; ಹೆಚ್ಚಿನ ಕಡೆ ಗೇಣಿನ ಆಸುಪಾಸು; ಆದರೆ ಕೆಲವು ಕಡೆ ಹಾರೆ ಮೊಳಕ್ಕಿಂತ ಹೆಚ್ಚು ಇಳಿಯಿತು. ಆ ಆಳದ ಜಾಗಗಳು ಎಲ್ಲೆಂದರಲ್ಲಿ ಇರಲಿಲ್ಲ. ಅವು ಒಂದೇ ದಿಕ್ಕಿನ ಗೆರೆಗಳಲ್ಲಿ ಇದ್ದವು, ಮತ್ತು ಆ ಗೆರೆಗಳ ಮೇಲೆಯೇ ತಂಗಡಿ, ಬಾರಿ, ಸೀತಾಫಲದ ಪೊದೆಗಳು ಸಾಲಾಗಿ ನಿಂತಿದ್ದವು. ಅಂದರೆ ಪೊದೆಗಳ ಸಾಲು ಕೆಳಗಿನ ಮರಳುಗಲ್ಲಿನ ಬಿರುಕುಗಳ ನಕ್ಷೆ. ಬಿರುಕಿನಲ್ಲಿ ಮಣ್ಣು ತುಂಬಿಕೊಂಡಿದೆ, ಅಲ್ಲಿ ನೀರು ಕೆಳಗಿಳಿಯುತ್ತದೆ, ಅಲ್ಲಿ ಬೇರು ಹೋಗಬಲ್ಲದು. ನೆಟ್ಟ ಸಸಿಗಳಲ್ಲಿ ಬದುಕಿ ಉಳಿದಿದ್ದ ಕೆಲವೇ ಬೇವಿನ ಗಿಡಗಳು ಎಲ್ಲಿದ್ದವು ಎಂದು ಆಗ ಹೋಗಿ ನೋಡಿದೆವು. ಒಂದನ್ನು ಬಿಟ್ಟು ಉಳಿದವೆಲ್ಲ ಈ ಗೆರೆಗಳ ಮೇಲೆಯೇ ಇದ್ದವು. ಇಡೀ ಅಧ್ಯಯನದಲ್ಲಿ ನನಗೆ ಅತಿ ಹೆಚ್ಚು ಕಲಿಸಿದ ಗಳಿಗೆ ಅದು.

ನೀರಿನ ಲೆಕ್ಕ

ಮಣ್ಣಿನ ಆಳ ಗಿಡಕ್ಕೆ ಯಾಕೆ ಅಷ್ಟು ಮುಖ್ಯ ಎಂಬುದಕ್ಕೆ ನೀರಿನ ಲೆಕ್ಕವೇ ಉತ್ತರ. ಮರಳು ಗೋಡು ಮಣ್ಣು ಪ್ರತಿ ಸೆಂಟಿಮೀಟರ್ ಆಳಕ್ಕೆ ಗಿಡ ಎಳೆದುಕೊಳ್ಳಬಲ್ಲ ನೀರನ್ನು ಸುಮಾರು ಒಂದು ಮಿಲಿಮೀಟರ್ ಹಿಡಿಯುತ್ತದೆ. ಕಲ್ಲಿನ ಚೂರು ಹೆಚ್ಚುಕಡಿಮೆ ಏನನ್ನೂ ಹಿಡಿಯುವುದಿಲ್ಲ. ಮೇಲಿನ ಎಂಟು ಸೆಂಟಿಮೀಟರಿನಲ್ಲಿದ್ದ ಅಲ್ಪಸ್ವಲ್ಪ ಗರಸನ್ನೂ ಕೆಳಗಿನ ಹದಿನಾರರಲ್ಲಿದ್ದ ಐದರಲ್ಲೆರಡು ಪಾಲನ್ನೂ ಕಳೆದರೆ, 24 ಸೆಂಟಿಮೀಟರಿನಲ್ಲಿ ನಿಜವಾದ ಮಣ್ಣು ಉಳಿಯುವುದು ಹದಿನಾರು ಸೆಂಟಿಮೀಟರಿನಷ್ಟು; ಹಾಗಾಗಿ ಅದು ಹಿಡಿಯುವ ನೀರು ಹದಿನಾರು ಮಿಲಿಮೀಟರ್. ಕೆಳಗಿನ ಎರೆ ಹೊಲದಲ್ಲಿ ಒಂದೂವರೆ ಮೀಟರ್ ಆಳದ ಜೇಡಿ ಮಣ್ಣಿದೆ; ಸೆಂಟಿಮೀಟರಿಗೆ 1.8 ಮಿಲಿಮೀಟರಿನಂತೆ ಹಿಡಿದರೂ 270 ಮಿಲಿಮೀಟರ್. ಹಿಂಗಾರಿ ಜೋಳ, ಕಡಲೆಗಳು ಮಳೆ ನಿಂತ ಮೇಲೆ ಬಿತ್ತಿದರೂ ಬೆಳೆಯುವುದು ಈ ದಾಸ್ತಾನಿನ ಬಲದಿಂದ. ಗುಡ್ಡದ ಮೇಲೆ, ಮಳೆಗಾಲದ ಬಿಡುವಿನ ದಿನಗಳಲ್ಲಿ ದಿನಕ್ಕೆ ನಾಲ್ಕೈದು ಮಿಲಿಮೀಟರ್ ನೀರು ಆವಿಯಾಗುತ್ತದೆಂದರೆ, ತುಂಬಿದ ಮಣ್ಣು ಬರಿದಾಗಲು ಮೂರರಿಂದ ನಾಲ್ಕು ದಿನ ಸಾಕು. ಈಶಾನ್ಯ ಒಣ ವಲಯಕ್ಕೆ ಸೇರಿದ ಈ ಸೀಮೆಯಲ್ಲಿ ಆಷಾಢ ಶ್ರಾವಣಗಳಲ್ಲಿ ಎರಡು ವಾರ ಮಳೆ ಬಿಡುವು ಕೊಡುವುದು ಹೊಸತೇನಲ್ಲ.

ಹುಲ್ಲಿಗೆ ಇದು ತೊಂದರೆಯಲ್ಲ. ಈ ನೆತ್ತಿಯ ಮೇಲೆ ಹೆಚ್ಚಾಗಿರುವುದು ಬೀಜದ ಚೂಪು ತುದಿ ಕುರಿಯ ಉಣ್ಣೆಗೂ ನಡೆಯುವವರ ಧೋತರಕ್ಕೂ ಚುಚ್ಚಿಕೊಳ್ಳುವ ಹೆಟೆರೊಪೋಗಾನ್ ಕಂಟಾರ್ಟಸ್ ಜಾತಿಯ ಹುಲ್ಲು. ಮಳೆ ಬಂದ ಕೆಲವೇ ದಿನಗಳಲ್ಲಿ ಅದು ಚಿಗುರುತ್ತದೆ, ಬಿಡುವಿನಲ್ಲಿ ಬೆಳವಣಿಗೆ ನಿಲ್ಲಿಸುತ್ತದೆ, ಮತ್ತೆ ಮಳೆಗೆ ಎದ್ದುಕೊಳ್ಳುತ್ತದೆ, ಬೀಜ ಉದುರಿಸಿ ಬೇಸಿಗೆಯಲ್ಲಿ ಬುಡವನ್ನು ಮಾತ್ರ ಉಳಿಸಿಕೊಳ್ಳುತ್ತದೆ. ಅದರ ಬೇರಿಗೆ ಗೇಣು ಮಣ್ಣು ಸಾಕು. ವರ್ಷವಿಡೀ ಎಲೆ ಹೊತ್ತು ನಿಲ್ಲಬೇಕಾದ ಮರದ ಸಸಿಗೆ ಅಂಥ ಅನುಕೂಲವಿಲ್ಲ.

ಮೊಳ ಗುಂಡಿ ಈ ಕೊರತೆಯನ್ನು ನೀಗಿಸುತ್ತದೆ ಎಂದು ಯೋಜಿಸಿದವರು ಭಾವಿಸಿದ್ದಿರಬಹುದು. ಆದರೆ 45 ಸೆಂಟಿಮೀಟರಿನಲ್ಲಿ ಕೆಳಗಿನ 21 ಸೆಂಟಿಮೀಟರ್ ಬಂಡೆಯನ್ನು ಒಡೆದು ಮಾಡಿದ ತೊಟ್ಟಿ. ಬಿರುಕಿಲ್ಲದ ಮರಳುಗಲ್ಲಿನೊಳಗೆ ನೀರು ನಿಧಾನವಾಗಿ ಮಾತ್ರ ಇಳಿಯುತ್ತದೆ. ಜೋರು ಮಳೆ ಬಿದ್ದಾಗ ಸುತ್ತಲಿನ ತೆಳು ಮಣ್ಣಿನಲ್ಲಿ ಇಂಗಿದ ನೀರೆಲ್ಲ ಬಂಡೆಯ ಮೇಲೆ ಜಾರುತ್ತ ತಗ್ಗಾದ ಈ ತೊಟ್ಟಿಗೆ ಬಂದು ನಿಲ್ಲುತ್ತದೆ. ಬೇವಿನಂಥ ಗಿಡ ಬೇರು ನೀರಿನಲ್ಲಿ ಮುಳುಗಿರುವುದನ್ನು ಸಹಿಸುವುದಿಲ್ಲ; ಮಳೆಗಾಲದಲ್ಲಿ ಎಲೆ ಹಳದಿಯಾಗಿ ಸತ್ತದ್ದು ನೀರಿಲ್ಲದೆ ಅಲ್ಲ, ನೀರು ಹೆಚ್ಚಾಗಿ. ಅದೇ ಗುಂಡಿಯ ಗಾತ್ರ ತೊಂಬತ್ತು ಲೀಟರ್. ಅದರಲ್ಲಿ ತುಂಬಿದ ಉಸುಕು ಮಣ್ಣು ಗಿಡಕ್ಕೆ ಒದಗಿಸಬಲ್ಲ ನೀರು ಒಂಬತ್ತು ಲೀಟರಿನ ಆಸುಪಾಸು. ಮಳೆ ನಿಂತ ಮೇಲೆ ಬೇರಿಗೆ ತೊಟ್ಟಿಯ ಗೋಡೆ ದಾಟಿ ಹೋಗಲು ದಾರಿಯಿಲ್ಲ. ಒಂದು ಬಾನಿಯಲ್ಲಿ ಬೆಳೆಸಿದ ಗಿಡಕ್ಕೆ ಆರು ತಿಂಗಳು ನೀರು ಹಾಕದಿದ್ದರೆ ಏನಾಗುತ್ತದೋ ಅದೇ ಆಯಿತು.

ಇಂಗಿದ ನೀರು ಎಲ್ಲಿಗೆ ಹೋಗುತ್ತದೆ ಎಂಬುದೂ ಮುಖ್ಯ. ಸಂಜೆಯೊಂದರಲ್ಲಿ ಐವತ್ತು ಮಿಲಿಮೀಟರ್ ಮಳೆಯಾದರೆ ಒಣಗಿದ ಮಣ್ಣು ಹದಿನಾರನ್ನು ಹಿಡಿದುಕೊಳ್ಳುತ್ತದೆ. ಉಳಿದದ್ದರಲ್ಲಿ ಸ್ವಲ್ಪ ಮೇಲೆ ಹರಿದು, ಸ್ವಲ್ಪ ಬಂಡೆಯ ಮೇಲ್ಮೈ ಹಿಡಿದು, ಸ್ವಲ್ಪ ಬಿರುಕಿನಲ್ಲಿಳಿದು ಹೋಗುತ್ತದೆ. ಮರಳುಗಲ್ಲಿನ ಅಡಿಗೆ ಜೇಡಿಗಲ್ಲು ಇರುವ ಕಡೆ ಇಳಿದ ನೀರು ಮುಂದೆ ಹೋಗಲಾರದೆ ಗುಡ್ಡದ ಪಕ್ಕದಲ್ಲಿ ಒರತೆಯಾಗಿ ಹೊರಬರುತ್ತದೆ. ಈ ಊರಿನ ಗುಡ್ಡದ ಬುಡದಲ್ಲೂ ಭಾದ್ರಪದದಲ್ಲಿ ಒದ್ದೆಯಾಗಿ ಪಾಚಿ ಹಿಡಿಯುವ ಒಂದು ಜಾಗವಿದೆ, ಅದರ ಕೆಳಗೊಂದು ಹಳೆಯ ಬಾವಿಯಿದೆ. ನೆತ್ತಿಯ ಹುಲ್ಲು ಕಿತ್ತು ಮಣ್ಣು ಗಡುಸಾದರೆ ಮೊದಲು ಬಡವಾಗುವುದು ಆ ಬಾವಿ.

ಪರೀಕ್ಷಾ ಚೀಟಿ ಹೇಳದೆ ಬಿಟ್ಟದ್ದು

ಮಣ್ಣು ಪರೀಕ್ಷೆ ಸುಳ್ಳು ಹೇಳಿರಲಿಲ್ಲ. ಅದನ್ನು ಕೇಳದ ಪ್ರಶ್ನೆಗೆ ಉತ್ತರವೆಂದು ಓದಲಾಗಿತ್ತು. 2015ರಿಂದ ರೈತರಿಗೆ ಸಿಗುತ್ತಿರುವ ಮಣ್ಣು ಆರೋಗ್ಯ ಚೀಟಿಯಲ್ಲಿ ರಸಸಾರ, ಲವಣಾಂಶ, ಸಾವಯವ ಇಂಗಾಲ, ಸಾರಜನಕ, ರಂಜಕ, ಪೊಟ್ಯಾಷ್, ಗಂಧಕ, ಮತ್ತೆ ಸತು, ಕಬ್ಬಿಣ, ತಾಮ್ರ, ಮ್ಯಾಂಗನೀಸ್, ಬೋರಾನ್ ಹೀಗೆ ಹನ್ನೆರಡು ಅಂಶಗಳಿರುತ್ತವೆ. ಮಣ್ಣಿನ ಆಳ ಅವುಗಳಲ್ಲಿಲ್ಲ, ಕಲ್ಲಿನ ಪ್ರಮಾಣವೂ ಇಲ್ಲ. ಮಾದರಿಯನ್ನು ಎರಡು ಮಿಲಿಮೀಟರ್ ಜರಡಿಯಲ್ಲಿ ಸೋಸಿದ ಮೇಲೆ ಪರೀಕ್ಷಿಸುವುದರಿಂದ ಗರಸು ಅಲ್ಲಿಯೇ ಉಳಿದುಬಿಡುತ್ತದೆ. ಪ್ರಯೋಗಾಲಯ ನೋಡುವುದು ಜರಡಿಯ ಕೆಳಗೆ ಬಿದ್ದ ಪುಡಿಯನ್ನು ಮಾತ್ರ. ಹೆಕ್ಟೇರಿಗೆ ಇಷ್ಟು ಕಿಲೋ ಎಂದು ಲೆಕ್ಕ ಹಾಕುವಾಗ, ಮೇಲಿನ 15 ಸೆಂಟಿಮೀಟರ್ ಪೂರ್ತಿ ಅದೇ ಪುಡಿಯಿಂದ ತುಂಬಿದೆ, ಅದರ ತೂಕ ಇಪ್ಪತ್ತು ಲಕ್ಷ ಕಿಲೋಗಿಂತ ಸ್ವಲ್ಪ ಹೆಚ್ಚು ಎಂದು ಹಿಡಿಯುವುದು ವಾಡಿಕೆ. ನಮ್ಮ ಗುಂಡಿಯಲ್ಲಿ ಆ 15ರಲ್ಲಿ ಪುಡಿ ಮಣ್ಣು ಇದ್ದದ್ದು ಹನ್ನೊಂದು ಸೆಂಟಿಮೀಟರಿನಷ್ಟು. ಆ 15ರ ಕೆಳಗೆ ಎರೆ ಹೊಲದಲ್ಲಿ ಇನ್ನೂ ಒಂದೂಕಾಲು ಮೀಟರಿಗಿಂತ ಹೆಚ್ಚು ಮಣ್ಣಿದ್ದರೆ, ಇಲ್ಲಿ ಉಳಿದದ್ದು ಒಂಬತ್ತು ಸೆಂಟಿಮೀಟರ್ ಗರಸು.

ಸಾವಯವ ಇಂಗಾಲ ಶೇ. 0.75 ದಾಟಿದರೆ ಚೀಟಿಯಲ್ಲಿ ಅಧಿಕ ಎಂದು ಬರುತ್ತದೆ, ಗುಡ್ಡದ 0.8 ಆ ಲೆಕ್ಕದಲ್ಲಿ ಅಧಿಕವೇ. ಅದನ್ನು ತಂದದ್ದು ಉಳುಮೆ ಕಾಣದ ಹುಲ್ಲಿನ ಬೇರು. ಮರಳು ಮಣ್ಣಿನಲ್ಲಿ ಪೋಷಕಾಂಶ ಹಿಡಿಯುವ ಜೇಡಿ ಕಡಿಮೆಯಿರುವುದರಿಂದ ಆ ಕೆಲಸದ ದೊಡ್ಡ ಪಾಲನ್ನು ಈ ಸಾವಯವ ಪದಾರ್ಥವೇ ಮಾಡುತ್ತದೆ, ಮತ್ತು ಅದು ಇರುವುದು ಮೇಲಿನ ಎಂಟು ಸೆಂಟಿಮೀಟರಿನಲ್ಲಿ. ಗುಂಡಿ ತೆಗೆಯುವಾಗ ಆ ಪದರವನ್ನೇ ಮೊದಲು ಬಗೆದು ಬದಿಗೆ ಹಾಕಿ, ತುಂಬುವಾಗ ಒಡೆದ ಕಲ್ಲಿನ ಪುಡಿಯೊಂದಿಗೆ ಕಲಸಲಾಗಿತ್ತು. ರಸಸಾರ 6.4 ಇರುವುದು ಸುಣ್ಣವಿಲ್ಲದ ಕಲ್ಲಿನ ಫಲ. ಅದು ಒಳ್ಳೆಯ ಅಂಕೆ ಹೌದು, ಆದರೆ ಬಾಯಾರಿದ ಬೇರಿಗೆ ಅದರಿಂದ ಪ್ರಯೋಜನವಿಲ್ಲ.

ಸವಕಳಿಯ ಗುರುತು

ಸಸಿಯ ಸಾಲುಗಳ ನಡುವೆ ಜನ, ದನ, ಯಂತ್ರ ಓಡಾಡಿದ ಜಾಗದಲ್ಲಿ ಹುಲ್ಲಿನ ಬುಡಗಳು ಸುತ್ತಲಿನ ನೆಲಕ್ಕಿಂತ ಎರಡು ಮೂರು ಸೆಂಟಿಮೀಟರ್ ಎತ್ತರದ ಪೀಠದ ಮೇಲೆ ಕುಳಿತಂತಿದ್ದವು. ಬುಡದ ಕೆಳಗಿನ ಮಣ್ಣು ಉಳಿದು ಸುತ್ತಲಿನದು ತೊಳೆದು ಹೋಗಿರುವುದರ ಗುರುತು ಅದು. ಹುಲ್ಲಿನ ಬುಡ ಗಾಳಿ ನೀರು ತಂದ ಮಣ್ಣನ್ನು ತಡೆದು ತಾನೂ ಸ್ವಲ್ಪ ಏರುವುದರಿಂದ ಇಡೀ ಎತ್ತರವನ್ನು ಸವಕಳಿ ಎನ್ನಲಾಗದು. ಅರ್ಧದಷ್ಟೆಂದು ಹಿಡಿದರೂ ಒಂದು ಸೆಂಟಿಮೀಟರ್ ಆಗುತ್ತದೆ. ಹೆಕ್ಟೇರಿನಲ್ಲಿ ಒಂದು ಸೆಂಟಿಮೀಟರ್ ಮಣ್ಣೆಂದರೆ ನೂರು ಘನ ಮೀಟರ್. ಎರೆ ಹೊಲದಲ್ಲಿ ಅಷ್ಟು ಹೋದರೆ ನಷ್ಟವೇ, ಆದರೆ ಬೆಳೆ ನಿಲ್ಲುವುದಿಲ್ಲ. ಇಲ್ಲಿ ಅದು ಇರುವುದರಲ್ಲಿ ಇಪ್ಪತ್ತನಾಲ್ಕನೆಯ ಒಂದು ಪಾಲು, ಅದೂ ಅತ್ಯುತ್ತಮ ಪದರದ್ದು. ಇನ್ನೊಂದು ತಪ್ಪೂ ಕಣ್ಣಿಗೆ ಬಿತ್ತು. ಬದು ಕಟ್ಟಲೆಂದು ಮೇಲ್ಮೈಯ ಚಪ್ಪಟೆ ಕಲ್ಲುಗಳನ್ನೆಲ್ಲ ಆಯ್ದು ಒಂದೆಡೆ ಹಾಕಿದ್ದರು. ಆ ಕಲ್ಲುಗಳು ಮಳೆ ಹನಿಯ ಹೊಡೆತಕ್ಕೆ ಮುಚ್ಚಳ, ಬಿಸಿಲಿಗೆ ಹೊದಿಕೆ. ಆಯ್ದ ಜಾಗದಲ್ಲಿ ಮಣ್ಣಿನ ಮೇಲೆ ಗಟ್ಟಿ ಹೆಪ್ಪು ಕಟ್ಟಿತ್ತು, ಹುಲ್ಲಿನ ಹೊಸ ಮೊಳಕೆ ಇರಲೇ ಇಲ್ಲ.

ನಾವು ಕೊಟ್ಟ ಸಲಹೆ

ಬಿರುಕಿನ ಗೆರೆಗಳ ಹೊರಗೆ ಇನ್ನು ಮುಂದೆ ಗುಂಡಿ ತೆಗೆಯಬಾರದು. ಆಗಲೇ ತೆಗೆದ ಗುಂಡಿಗಳನ್ನು ಒಡೆದ ಕಲ್ಲಿನಿಂದ ತುಂಬಿ, ಮೇಲೆ ಬದಿಯ ಹುಲ್ಲಿನ ಹೆಂಟೆ ಇಡಬೇಕು. ಮರ ಬೇಕೇಬೇಕೆಂದರೆ ಪೊದೆಗಳ ಸಾಲಿನಲ್ಲಿ ಸೀತಾಫಲ, ಬಾರಿ ಬೀಜಗಳನ್ನೇ ಬಿತ್ತಬಹುದು; ನಿಜವಾಗಿ ಮರಕ್ಕೆ ಸೂಕ್ತವಾದದ್ದು ಗುಡ್ಡದ ಬುಡ, ಅಲ್ಲಿ ನಾವು ತೋಡಿದ ಇನ್ನೊಂದು ಗುಂಡಿಯಲ್ಲಿ ಮೇಲಿನಿಂದ ಜಾರಿ ಬಂದ ಕೆಂಪು ಮಣ್ಣು ಎರಡೂವರೆ ಗೇಣಿಗೂ ಮುಗಿದಿರಲಿಲ್ಲ. ಆಯ್ದು ಹಾಕಿದ ಕಲ್ಲುಗಳನ್ನು ಇಳಿಜಾರಿಗೆ ಅಡ್ಡವಾಗಿ, ಮಣ್ಣು ತೋಡದೆ, ಸಾಲಾಗಿ ಹರಡಬೇಕು. ಹುಲ್ಲು ಬೀಜ ಉದುರಿಸುವವರೆಗೆ ನೆತ್ತಿಯ ಒಂದು ಪಾಲನ್ನು ಮೇಯಿಸದೆ ಬಿಟ್ಟು, ಪ್ರತಿವರ್ಷ ಆ ಪಾಲನ್ನು ಬದಲಿಸಬೇಕು. ಹುಲ್ಲಿನ ನಡುವೆ ಸ್ಟೈಲೋ ಬಿತ್ತಿದರೆ ಹೇಗೆ ಎಂದು ಒಬ್ಬರು ಕೇಳಿದರು. ಸಾರಜನಕ ಸೇರಿಸುವ, ದನ ತಿನ್ನುವ ಬೆಳೆ ಅದು, ನಿಜ. ಆದರೆ ಹೊರಗಿನ ಗಿಡವೊಂದನ್ನು ಹೀಗೆ ಬಿಟ್ಟರೆ ಸ್ಥಳೀಯ ಹುಲ್ಲು ಹಿಂದೆ ಬೀಳಬಹುದೆಂಬ ಅಳುಕು ನನಗಿದೆ, ಅದಕ್ಕೇ ಒಪ್ಪಲಿಲ್ಲ.

ಸಲಹೆಯಲ್ಲಿ ಅತಿ ಹೆಚ್ಚು ಚರ್ಚೆಯಾದದ್ದು ಮೇಯಿಸದೆ ಬಿಡುವ ಭಾಗ. ಮಳೆಗಾಲದಲ್ಲಿ ಎರೆ ಹೊಲಗಳೆಲ್ಲ ಬಿತ್ತಿರುವಾಗ ಕುರಿಗೆ ಕಾಲೂರಲು ಉಳಿಯುವುದು ಈ ಗುಡ್ಡವೊಂದೇ. ಅದರಲ್ಲಿ ಪಾಲು ಕಟ್ಟಿದರೆ ಕುರಿ ಎಲ್ಲಿಗೆ ಹೋಗಬೇಕು? ಹಿರಿಯ ಕುರಿಗಾರರೇ ಕೊನೆಗೆ ಒಂದು ದಾರಿ ಹೇಳಿದರು: ಪಾಲು ಕಟ್ಟುವುದನ್ನು ಹಾರೆ ನಾಲ್ಕು ಬೆರಳಿಗೇ ಬಂಡೆ ತಾಗಿದ ಪಡುವಣ ಅಂಚಿನಿಂದ ಶುರುಮಾಡಬೇಕು, ಅಲ್ಲಿ ಹೇಗೂ ಮೇವು ತೀರ ಕಡಿಮೆ. ಆ ಅಂಚಿನಲ್ಲಿ ಹತ್ತು ಹೆಜ್ಜೆಗೊಂದರಂತೆ ಕಬ್ಬಿಣದ ಸಲಾಕೆಗಳನ್ನು ಬಂಡೆಗೆ ತಾಗುವವರೆಗೆ ನೆಟ್ಟು, ನೆಲದ ಮಟ್ಟಕ್ಕೆ ಬಣ್ಣದ ಗೆರೆ ಎಳೆದು ಬಂದಿದ್ದೇವೆ. ಎರಡು ಮಳೆಗಾಲ ಕಳೆದ ಮೇಲೆ ಗೆರೆ ಮಣ್ಣಿನ ಮೇಲಿರುತ್ತದೋ ಮಣ್ಣಿನೊಳಗಿರುತ್ತದೋ ನೋಡಿ ಮುಂದಿನ ಪಾಲನ್ನು ನಿರ್ಧರಿಸುವುದೆಂದು ಒಪ್ಪಿಗೆಯಾಗಿದೆ.